ಮಕ್ಕಳ ವಿದ್ಯಾಭ್ಯಾಸ: ಸರಕಾರಿ ಶಾಲೆಯೇ, ಖಾಸಗಿ ಶಾಲೆಯೇ?

(ಶತಮಾನೋತ್ಸವದ ಅಂಗವಾಗಿ ಜರಗಿದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದಾಗ ಗೋಪುರಕ್ಕೆ ಬಣ್ಣ ಬಳಿಯುವುದು, ಅಗಲಿದ ಹಿರಿಯರ ಗೋರಿಗಳ ಮೇಲೆ ದೀಪ ಹಚ್ಚುವುದು, ಸ್ಮರಣ ಸಂಚಿಕೆ ಹೊರತರುವುದು ಇವೆಲ್ಲ ಉಚಿತವಾದ ಕಾರ್ಯಗಳೇ ಸರಿ. ಆದರೆ ನಮ್ಮ ಕರಾವಳಿಯ ಇಗರ್ಜಿಗಳ ಇತಿಹಾಸವನ್ನು ಬರೆಯಹೊರಟವರು ದೇವಾಲಯದ ಕಥೆಯನ್ನು ಮುಗಿಸಿ ಪುಟ ತಿರುವಿದರೆ, ಅಲ್ಲಿ ಹೆಚ್ಚಾಗಿ ಕಾಣುವುದು ಶಾಲೆಯ ಕಥೆ. ಪೀಠದ ಪಕ್ಕದಲ್ಲಿ ಪಾಠಶಾಲೆ ಇರತಕ್ಕದ್ದೆಂದು ನಮ್ಮ ಹಿರಿಯರು ಬಗೆದಿದ್ದರು. ಆದುದರಿಂದ ಈ ಶುಭ ಸಂದರ್ಭದಲ್ಲಿ ಮಕ್ಕಳ ವಿದ್ಯಾಭ್ಯಾಸದ ಕುರಿತು ನಾಲ್ಕು ಮಾತುಗಳನ್ನಾಡುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸುತ್ತೇವೆ.

ಇಂದು ನಮ್ಮ ಕುಟುಂಬಗಳಲ್ಲಿ ಮಗುವಿನ ಜ್ಞಾನಸ್ನಾನವಾಗಿ ಮೂರು ವರ್ಷ ಕಳೆಯುವುದರೊಳಗೆ ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ಎಲ್ಲಿಗೆ ಕಳುಹಿಸೋಣ? ಊರಿನ ಸರಕಾರಿ ಶಾಲೆಗೋ, ಪೇಟೆಯ ಖಾಸಗಿ ಶಾಲೆಗೋ? ಈ ಪ್ರಶ್ನೆ ಸಣ್ಣದಲ್ಲ. ಮಗುವಿನ ಭವಿಷ್ಯ, ಮನೆಯ ಆಯವ್ಯಯ, ತಂದೆ ತಾಯಂದಿರ ಮಾನಾಭಿಮಾನ, ಮೂರೂ ಅದರಲ್ಲಿ ಹೆಣೆದುಕೊಂಡಿವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ತಮ್ಮ ಮಗುವಿಗೆ ಶಾಲೆಯನ್ನು ಆರಿಸುವ ಹಕ್ಕು ತಂದೆ ತಾಯಂದಿರದು, ಆದರೆ ಆರಿಸುವ ಶಕ್ತಿಯಿಲ್ಲದವರು ಕಲಿಯುವ ಶಾಲೆಯನ್ನು ಕೈಬಿಡುವ ಹಕ್ಕು ಒಂದು ಧರ್ಮಕೇಂದ್ರಕ್ಕೆ ಇಲ್ಲ.

ಹಿರಿಯರು ಕಟ್ಟಿದ ಶಾಲೆ

ಸರಕಾರಿ ಮತ್ತು ಖಾಸಗಿ ಎಂದು ನಾವು ಸುಲಭವಾಗಿ ಎರಡು ಪಂಗಡ ಮಾಡುತ್ತೇವೆ. ವಾಸ್ತವದಲ್ಲಿ ನಮ್ಮ ನಾಡಿನ ಶಾಲೆಗಳು ಮೂರು ಬಗೆ: ಸರಕಾರವೇ ನಡೆಸುವ ಶಾಲೆ, ಖಾಸಗಿ ಆಡಳಿತ ನಡೆಸಿ ಸರಕಾರವು ಅಧ್ಯಾಪಕರ ಸಂಬಳ ಕೊಡುವ ಅನುದಾನಿತ ಶಾಲೆ, ಮಕ್ಕಳ ಶುಲ್ಕದಿಂದಲೇ ನಡೆಯುವ ಅನುದಾನರಹಿತ ಶಾಲೆ. ಇಗರ್ಜಿಗಳ ಪಕ್ಕದಲ್ಲಿ ತಲೆಯೆತ್ತಿದ ಕನ್ನಡ ಶಾಲೆಗಳಲ್ಲಿ ಬಹಳಷ್ಟು ಈ ಎರಡನೆಯ ಬಗೆಯವು.

ಈ ಬಗೆಯ ಶಾಲೆ ಹೇಗೆ ಹುಟ್ಟಿತೆಂಬುದನ್ನು ತಿಳಿಯುವುದು ಒಳ್ಳೆಯದು. 1854ರಲ್ಲಿ ಲಂಡನ್ನಿನಿಂದ ಬಂದ, ವುಡ್ಸ್ ಡಿಸ್ಪ್ಯಾಚ್ ಎಂದು ಹೆಸರಾದ ಆಜ್ಞಾಪತ್ರವು ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರದ ಸಹಾಯಧನ ಕೊಡುವ ಪದ್ಧತಿಯನ್ನು ಹಾಕಿಕೊಟ್ಟಿತು. ಅದಕ್ಕೆ ಶರತ್ತುಗಳಿದ್ದವು: ಲೌಕಿಕ ವಿಷಯಗಳನ್ನು ಚೆನ್ನಾಗಿ ಕಲಿಸಬೇಕು, ಸರಕಾರದ ತಪಾಸಣೆಗೆ ಬಾಗಿಲು ತೆರೆದಿಡಬೇಕು. ನಮ್ಮ ದಕ್ಷಿಣ ಕನ್ನಡವು ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಈ ಹೊಸ ವ್ಯವಸ್ಥೆಯನ್ನು ಮಿಷನರಿಗಳೂ ಊರಿನ ಉದಾರಿಗಳೂ ಬಳಸಿಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅದಾಗಲೇ ಶಾಲೆಗಳನ್ನು ತೆರೆದಿದ್ದರು. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಬಂದು ಹೆಣ್ಣು ಮಕ್ಕಳ ಶಿಕ್ಷಣಕ್ಕೆ ಕೈಹಚ್ಚಿದರು. 1878ರ ಕೊನೆಯ ದಿನ ಮಂಗಳೂರು ತಲಪಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. 1921ರಲ್ಲಿ ಮಹಿಳೆಯರಿಗಾಗಿ ಸಂತ ಆಗ್ನೆಸ್ ಕಾಲೇಜು ಸ್ಥಾಪನೆಯಾಯಿತು. ಇವು ನಗರದ ದೊಡ್ಡ ಹೆಸರುಗಳು. ಹಳ್ಳಿಯ ಇಗರ್ಜಿಯ ಬಗಲಿನಲ್ಲಿ ಹಂಚಿನ ಮಾಡಿನ ಕೆಳಗೆ ನಡೆದ ಕನ್ನಡ ಪ್ರಾಥಮಿಕ ಶಾಲೆಗಳಿಗೆ ಅಂತಹ ಹೆಸರಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯಂದಿರು ಅಕ್ಷರ ತಿದ್ದಿದ್ದು ಅಲ್ಲಿಯೇ.

ಈ ಕಾರ್ಯ ಕ್ರೈಸ್ತರೊಬ್ಬರದೇ ಆಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಸವರ್ಣೀಯರ ಮಕ್ಕಳ ಪಕ್ಕದಲ್ಲಿ ದಲಿತ ಮಕ್ಕಳನ್ನು ಕೂರಗೊಡದ ಕಾಲದಲ್ಲಿ, ಕುದ್ಮುಲ್ ರಂಗರಾಯರು ಸ್ವಜನರ ಬಹಿಷ್ಕಾರವನ್ನೂ ಲೆಕ್ಕಿಸದೆ ಮಂಗಳೂರಿನಲ್ಲಿ ಆ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ರಂಗರಾಯರ ಶಾಲೆ ಖಾಸಗಿಯಾಗಿತ್ತು. ಆದರೆ ಅದರ ಉದ್ದೇಶ ಸಾರ್ವಜನಿಕವಾಗಿತ್ತು. ನಮ್ಮ ಹಿರಿಯರ ಶಾಲೆಗಳೂ ಹಾಗೆಯೇ. ಕಟ್ಟಡ ಇಗರ್ಜಿಯದು, ಸಂಬಳ ಸರಕಾರದ್ದು, ಬೆಂಚು ಊರಿನ ಎಲ್ಲ ಮಕ್ಕಳದು. ಕೊಂಕಣಿ, ತುಳು, ಬ್ಯಾರಿ ಮಾತನಾಡುವ ಮನೆಗಳ ಮಕ್ಕಳು ಒಂದೇ ಮಣೆಯ ಮೇಲೆ ಕುಳಿತು ಕನ್ನಡ ಕಲಿತರು. ಇಂದಿನ ನಮ್ಮ ಪ್ರಶ್ನೆಯನ್ನು ಅಂದಿನವರಿಗೆ ಕೇಳಿದ್ದರೆ ಅವರಿಗೆ ಅರ್ಥವಾಗುವುದೇ ಕಷ್ಟವಿತ್ತು.

ತಕ್ಕಡಿಯ ಎರಡು ತಟ್ಟೆಗಳು

ಇನ್ನು ಇಂದಿನ ಸ್ಥಿತಿಯನ್ನು ಪಕ್ಷಪಾತವಿಲ್ಲದೆ ತೂಗಿ ನೋಡೋಣ.

ಖಾಸಗಿ ಶಾಲೆಯನ್ನು ಆರಿಸುವ ತಂದೆ ತಾಯಂದಿರು ಬರಿಯ ಆಡಂಬರಕ್ಕೆ ಮರುಳಾದವರೆಂದು ಹೇಳುವುದು ಅನ್ಯಾಯ. ಅಲ್ಲಿ ಅಧ್ಯಾಪಕರು ದಿನವೂ ತರಗತಿಯಲ್ಲಿರುತ್ತಾರೆ, ಇಲ್ಲದಿದ್ದರೆ ಕೇಳುವವರಿದ್ದಾರೆ. ಒಂದೊಂದು ತರಗತಿಗೆ ಒಬ್ಬೊಬ್ಬ ಅಧ್ಯಾಪಕರಿರುತ್ತಾರೆ. ಮಗುವಿನ ಪ್ರಗತಿಯನ್ನು ತಿಳಿಸಲು ಪೋಷಕರನ್ನು ಕರೆಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಶಾಲೆ ಮಗುವನ್ನು ಎಳೆಯ ವಯಸ್ಸಿನಲ್ಲೇ ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತದೆ. ಸರಕಾರಿ ಶಾಲೆಯ ಬಾಗಿಲು ಬಹುಕಾಲ ತೆರೆಯುತ್ತಿದ್ದುದು ಒಂದನೆಯ ತರಗತಿಗೆ ಮಾತ್ರ. ಅಂಗನವಾಡಿ ಬಿಟ್ಟರೆ ಅದಕ್ಕೆ ಮೊದಲಿನ ವರ್ಷಗಳಿಗೆ ಸರಕಾರದಲ್ಲಿ ಏರ್ಪಾಡಿರಲಿಲ್ಲ. ಎರಡು ವರ್ಷ ಒಂದು ಶಾಲೆಯಲ್ಲಿ ಆಡಿ ಬೆಳೆದ ಮಗುವನ್ನು ಅಲ್ಲಿಂದ ಬಿಡಿಸಿ ಬೇರೆಡೆಗೆ ಕಳುಹಿಸುವವರು ಯಾರು? 2019ರ ಬಳಿಕ ಕರ್ನಾಟಕ ಪಬ್ಲಿಕ್ ಶಾಲೆಗಳೆಂದು ಆಯ್ದ ಕೆಲವು ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾದವು. ಅಂತಹ ಕಡೆ ಪೋಷಕರು ಮುಂದೆ ಬಂದುದನ್ನು ನೋಡಿದರೆ, ಸರಕಾರಿ ಶಾಲೆಯನ್ನು ಜನ ದ್ವೇಷಿಸಿ ಬಿಟ್ಟದ್ದಲ್ಲವೆಂಬುದು ತಿಳಿಯುತ್ತದೆ.

ಇನ್ನೊಂದು ತಟ್ಟೆಯನ್ನು ನೋಡೋಣ. ಸರಕಾರಿ ಶಾಲೆಯ ಅಧ್ಯಾಪಕರು ನಿಯತ ತರಬೇತಿ ಪಡೆದು, ಸ್ಪರ್ಧಾ ಪರೀಕ್ಷೆಯಲ್ಲಿ ಆಯ್ಕೆಯಾಗಿ ಬಂದವರು. ಕಡಿಮೆ ಶುಲ್ಕದ ಖಾಸಗಿ ಶಾಲೆಗಳಲ್ಲಿ ದುಡಿಯುವ ಅನೇಕ ಅಧ್ಯಾಪಕಿಯರಿಗೆ ದೊರೆಯುವ ಸಂಬಳವಾದರೋ ಹೇಳಲು ಸಂಕೋಚವಾಗುವಷ್ಟು ಅಲ್ಪ. ಬೇರೆಡೆ ಕೆಲಸ ಸಿಕ್ಕಿದೊಡನೆ ಅವರು ಹೊರಟುಹೋಗುತ್ತಾರೆ. ಸರಕಾರಿ ಶಾಲೆಯಲ್ಲಿ ಪುಸ್ತಕ, ಸಮವಸ್ತ್ರ ಉಚಿತ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಬಿಸಿಯೂಟವನ್ನು ಕೊಡಲೇಬೇಕೆಂದು ಆಜ್ಞಾಪಿಸಿದ ಬಳಿಕ, ನಮ್ಮ ರಾಜ್ಯದಲ್ಲಿ 2002ರಿಂದ ಅಕ್ಷರ ದಾಸೋಹ ಆರಂಭವಾಯಿತು. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಅದಕ್ಕೆ ಸೇರಿತು. ಹಸಿದು ಬಂದ ಮಗುವಿಗೆ ಪಾಠ ಹತ್ತದೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿದಿದೆ. ಶಾಲೆ ಮನೆಗೆ ಹತ್ತಿರವಿರುವುದರಿಂದ ಮಗುವಿನ ದಿನದ ಎರಡು ಗಂಟೆ ವಾಹನದಲ್ಲಿ ಸವೆಯುವುದಿಲ್ಲ. ಇವೆಲ್ಲದರ ಜೊತೆಗೆ, ಅಲ್ಲಿ ಮಗು ಊರಿನ ಎಲ್ಲ ಜಾತಿ ಮತಗಳ ಮಕ್ಕಳೊಡನೆ ಬೆಳೆಯುತ್ತದೆ.

ಕೊರತೆಗಳನ್ನೂ ಮುಚ್ಚಿಡಬಾರದು. ಒಬ್ಬರೇ ಅಧ್ಯಾಪಕರು ಮೂರು ನಾಲ್ಕು ತರಗತಿಗಳನ್ನು ಒಟ್ಟಿಗೆ ನಡೆಸುವ ಸರಕಾರಿ ಶಾಲೆಗಳಿವೆ. ಗಣತಿ, ಚುನಾವಣೆ, ದಾಖಲೆಗಳ ಕೆಲಸದಲ್ಲಿ ಅಧ್ಯಾಪಕರ ದಿನಗಳು ಕಳೆದುಹೋಗುತ್ತವೆ. ಪ್ರಶ್ನಿಸುವ ಪೋಷಕರಿಲ್ಲದ ಕಡೆ ಆಲಸ್ಯವೂ ಬೇರೂರುತ್ತದೆ.

ಅಂಕೆಗಳು ಏನು ಹೇಳುತ್ತವೆ?

ಎಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆ? ಈ ಬಗ್ಗೆ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ನಡೆಯುವ ಅಸರ್ ಸಮೀಕ್ಷೆ ಒಂದು ಸರಳ ಪರೀಕ್ಷೆ ಮಾಡುತ್ತದೆ. ಐದನೆಯ ತರಗತಿಯ ಮಗುವಿಗೆ ಎರಡನೆಯ ತರಗತಿಯ ಪಾಠವನ್ನು ಓದಲು ಕೊಡುತ್ತದೆ. 2024ರಲ್ಲಿ ಹಾಗೆ ಓದಬಲ್ಲವರು ಸರಕಾರಿ ಶಾಲೆಗಳಲ್ಲಿ ನೂರಕ್ಕೆ ಸುಮಾರು 45 ಮಂದಿ, ಖಾಸಗಿ ಶಾಲೆಗಳಲ್ಲಿ ಸುಮಾರು 59 ಮಂದಿ. ಖಾಸಗಿ ಶಾಲೆ ಮುಂದಿದೆಯೆಂದು ಒಮ್ಮೆಗೇ ಹೇಳಿಬಿಡಬಹುದು. ಆದರೆ ಅದೇ ಅಂಕೆಯನ್ನು ಇನ್ನೊಂದು ಬದಿಯಿಂದ ಓದಬೇಕು. ಶುಲ್ಕ ತೆತ್ತು ಐದು ವರ್ಷ ಕಲಿತ ನೂರು ಮಕ್ಕಳಲ್ಲಿ ನಲ್ವತ್ತಕ್ಕೂ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪಾಠ ಓದಲು ಬರುವುದಿಲ್ಲ! ಹಣ ಕೊಟ್ಟಾಕ್ಷಣ ವಿದ್ಯೆ ಬರುವುದೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಇನ್ನು ಆ ಹದಿನಾಲ್ಕು ಅಂಶಗಳ ಅಂತರ ಯಾರ ಸಾಧನೆ? ಶಾಲೆಯದೋ, ಮನೆಯದೋ? ಖಾಸಗಿ ಶಾಲೆಗೆ ಹೋಗುವ ಮಗುವಿನ ತಾಯಿ ಓದಿದವಳು, ಮನೆಯಲ್ಲಿ ಪುಸ್ತಕವಿದೆ, ಸಂಜೆ ಪಾಠ ಹೇಳಿಕೊಡುವವರಿದ್ದಾರೆ. ಈ ಎರಡನ್ನೂ ಬೇರ್ಪಡಿಸಿ ನೋಡಲು ನಮ್ಮ ನೆರೆಯ, ಅಂದಿನ ಅಖಂಡ ಆಂಧ್ರ ಪ್ರದೇಶದಲ್ಲಿ 2008ರಿಂದ ನಾಲ್ಕು ವರ್ಷ ಒಂದು ದೊಡ್ಡ ಪ್ರಯೋಗ ನಡೆಯಿತು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 180 ಹಳ್ಳಿಗಳನ್ನು ಆರಿಸಿಕೊಂಡರು. ಸರಕಾರಿ ಶಾಲೆಯ ಮಕ್ಕಳಲ್ಲಿ ಅರ್ಜಿ ಹಾಕಿದವರ ಹೆಸರುಗಳನ್ನು ಚೀಟಿ ಎತ್ತಿ, ಗೆದ್ದವರನ್ನು ಖಾಸಗಿ ಶಾಲೆಗೆ ಉಚಿತವಾಗಿ ಕಳುಹಿಸಲಾಯಿತು. ಚೀಟಿ ಬಡವ ಬಲ್ಲಿದ ಎಂದು ನೋಡುವುದಿಲ್ಲವಾದ್ದರಿಂದ, ಗೆದ್ದವರ ಮತ್ತು ಸೋತವರ ಮನೆಗಳು ಒಂದೇ ಬಗೆಯವು. 2015ರಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಅಚ್ಚರಿಗೊಳಿಸಿತು. ನಾಲ್ಕು ವರ್ಷಗಳ ಬಳಿಕ ತೆಲುಗು, ಗಣಿತ, ಇಂಗ್ಲಿಷ್, ವಿಜ್ಞಾನ ಮತ್ತು ಸಮಾಜ ಪಾಠಗಳಲ್ಲಿ ಎರಡೂ ಗುಂಪುಗಳ ಸರಾಸರಿ ಅಂಕಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಸರಕಾರಿ ಶಾಲೆಯಲ್ಲಿ ಕಲಿಸದ ಹಿಂದಿಯಲ್ಲಿ ಮಾತ್ರ ಖಾಸಗಿಯವರು ಬಹಳ ಮುಂದಿದ್ದರು.

ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಖಾಸಗಿ ಶಾಲೆಗಳು ಇಷ್ಟನ್ನು ಸಾಧಿಸಿದ್ದು ಸರಕಾರಿ ಶಾಲೆಯ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ. ಆದುದರಿಂದ ಈ ಅಧ್ಯಯನ ಯಾರ ಕೊರಳಿಗೂ ಹೂಮಾಲೆ ಹಾಕುವುದಿಲ್ಲ. ಮಿತವ್ಯಯದಲ್ಲಿ ಸರಕಾರ ಖಾಸಗಿಯವರಿಂದ ಕಲಿಯಬೇಕಾದದ್ದಿದೆ. ಪೋಷಕರು ತಿಳಿಯಬೇಕಾದದ್ದೂ ಇದೆ: ಶಾಲೆಯ ಹೆಸರಿಗೆ ನಾವು ಸಲ್ಲಿಸುವ ಗೌರವದಲ್ಲಿ ದೊಡ್ಡ ಪಾಲು ಮನೆಗೆ ಸಲ್ಲತಕ್ಕದ್ದು. ಮನೆಯೇ ಮೊದಲ ಪಾಠಶಾಲೆ ಎಂಬ ಹಳೆಯ ಮಾತು ಲೆಕ್ಕದಲ್ಲೂ ನಿಜವಾಗಿದೆ.

ಶುಲ್ಕದ ಲೆಕ್ಕ

ಶುಲ್ಕವೆಂದರೆ ರಶೀದಿಯಲ್ಲಿ ಬರೆದ ಮೊತ್ತವೊಂದೇ ಅಲ್ಲ. ವಾಹನ, ಎರಡು ಜೊತೆ ಸಮವಸ್ತ್ರ, ಬೂಟು, ಪುಸ್ತಕದ ಕಟ್ಟು, ವಾರ್ಷಿಕೋತ್ಸವದ ಉಡುಪು, ಇವೆಲ್ಲದರ ಮೇಲೆ ಸಂಜೆಯ ಟ್ಯೂಶನ್. ಗಲ್ಫಿನಿಂದ ಹಣ ಬರುವ ಮನೆಗೆ ಇದು ಭಾರವಲ್ಲದಿರಬಹುದು. ದಿನಗೂಲಿಯ ಮನೆಯಲ್ಲಿ ಜೂನ್ ತಿಂಗಳೆಂದರೆ ತಾಯಿಯ ಕರಿಮಣಿ ಸರ ಸೊಸೈಟಿಯ ಕಪಾಟು ಸೇರುವ ತಿಂಗಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಉಪದೇಶಿಸುವುದು ಸುಲಭ. ತನ್ನ ಮಗು ಹಿಂದುಳಿಯುವುದೆಂಬ ಭಯದ ಮುಂದೆ ಆ ಉಪದೇಶ ನಿಲ್ಲುವುದಿಲ್ಲ.

ಈ ಆಯ್ಕೆಯಲ್ಲಿ ಕಿಸೆಯ ಪಾತ್ರವೆಷ್ಟೆಂಬುದನ್ನು ಕೊರೋನಾ ಕಾಲ ತೋರಿಸಿಕೊಟ್ಟಿತು. ಅಸರ್ ಲೆಕ್ಕದಂತೆ 6ರಿಂದ 14 ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಸರಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇಕಡಾ 65.6. ದುಡಿಮೆ ನಿಂತು ಶುಲ್ಕ ಕಟ್ಟಲಾಗದೆ ಹೋದ ಮೇಲೆ, 2022ರಲ್ಲಿ ಅದು 72.9ಕ್ಕೆ ಏರಿತು. ಕೈಗೆ ಕಾಸು ಬಂದೊಡನೆ, 2024ರಲ್ಲಿ ಮರಳಿ 66.8ಕ್ಕೆ ಇಳಿಯಿತು. ಕಷ್ಟ ಬಂದಾಗ ಬಾಗಿಲು ತೆರೆದಿದ್ದುದು ಸರಕಾರಿ ಶಾಲೆಯೇ. ಅದು ಮುಚ್ಚಿಹೋಗಿದ್ದರೆ ಆ ಮಕ್ಕಳು ಎಲ್ಲಿಗೆ ಹೋಗುತ್ತಿದ್ದರು?

ಇಲ್ಲಿಯೇ ಇನ್ನೊಂದು ನೋವಿನ ಮಾತು. ಹಣ ಒಬ್ಬರ ಶುಲ್ಕಕ್ಕೆ ಮಾತ್ರ ಸಾಲುವುದಾದರೆ, ಮಗನನ್ನು ಖಾಸಗಿ ಶಾಲೆಗೂ ಮಗಳನ್ನು ಸರಕಾರಿ ಶಾಲೆಗೂ ಕಳುಹಿಸುವ ಮನೆಗಳು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಸರಕಾರಿ ಶಾಲೆಯ ಪಟ್ಟಿಯಲ್ಲಿ ಹುಡುಗಿಯರ ಪಾಲು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಒಂದೇ ಹೊಸಿಲು ದಾಟಿ ಅಣ್ಣ ವಾಹನ ಹತ್ತುವುದನ್ನೂ ತಾನು ನಡೆದು ಹೋಗುವುದನ್ನೂ ನೋಡುವ ಹುಡುಗಿ ಯಾವ ಪಾಠ ಕಲಿಯುತ್ತಾಳೆ?

ಭಾಷೆಯ ಮಾತು

ಖಾಸಗಿ ಶಾಲೆಯ ಆಕರ್ಷಣೆಯ ತಿರುಳು ಇಂಗ್ಲಿಷ್ ಎಂಬುದನ್ನು ಎಲ್ಲರೂ ಬಲ್ಲೆವು. 1994ರಲ್ಲಿ ನಮ್ಮ ಸರಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರತಕ್ಕದ್ದೆಂದು ಭಾಷಾನೀತಿ ಹೊರಡಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ಬಳಿಕ 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆ ತಾಯಂದಿರಿಗೆ ಸೇರಿದ್ದೆಂದು ತೀರ್ಪಿತ್ತಿತು. ಹಕ್ಕು ನಮ್ಮ ಕೈಗೆ ಬಂದಿದೆ. ಅದನ್ನು ವಿವೇಕದಿಂದ ಬಳಸುವ ಹೊಣೆಯೂ ಅದರ ಜೊತೆಗೇ ಬಂದಿದೆ.

ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಲಿಯುವುದು ಬೇರೆ. ಸರಕಾರಿ ಶಾಲೆಗಳಲ್ಲಿ 2007ರಿಂದಲೇ ಒಂದನೆಯ ತರಗತಿಯಿಂದ ಇಂಗ್ಲಿಷ್ ಒಂದು ಪಾಠವಾಗಿದೆ. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮ್ಮ ಹಿಂದಿನ ಪೀಳಿಗೆಯವರು ಹೈಸ್ಕೂಲಿನ ಬಳಿಕ ಇಂಗ್ಲಿಷ್ ಕಲಿತು ಮುಂಬಯಿಗೂ ಗಲ್ಫಿಗೂ ಹೋಗಿ ದುಡಿದರು. ಮಗು ತನಗೆ ತಿಳಿಯುವ ನುಡಿಯಲ್ಲಿ ಮೊದಲು ಓದಲು ಕಲಿತರೆ ಎರಡನೆಯ ನುಡಿ ಅದರ ಮೇಲೆ ನಿಲ್ಲುತ್ತದೆ. ತಾಯಿಗೂ ಅರ್ಥವಾಗದ, ಅಧ್ಯಾಪಕಿಗೂ ಸರಾಗವಾಗಿ ಬಾರದ ಭಾಷೆಯಲ್ಲಿ ಗಣಿತವನ್ನು ಬಾಯಿಪಾಠ ಮಾಡಿದ ಮಗುವಿಗೆ ಗಣಿತವೂ ಬಾರದು, ಭಾಷೆಯೂ ಬಾರದು. ಉತ್ತಮ ಇಂಗ್ಲಿಷ್ ಶಾಲೆ ಉತ್ತಮವೇ. ಫಲಕದ ಮೇಲೆ ಮಾತ್ರ ಇಂಗ್ಲಿಷ್ ಇರುವ ಶಾಲೆಯ ಬಗ್ಗೆ ನಮ್ಮ ಎಚ್ಚರಿಕೆ.

ಉಳಿದವರು ಯಾರು?

ಊರಿನ ಶಾಲೆ ಬರಿದಾಗುವ ಕ್ರಮವನ್ನು ಗಮನಿಸಬೇಕು. ಮಾತನಾಡಬಲ್ಲ, ಪತ್ರ ಬರೆಯಬಲ್ಲ, ಅಧಿಕಾರಿಯನ್ನು ಕಂಡು ಪ್ರಶ್ನಿಸಬಲ್ಲ ಕುಟುಂಬಗಳು ಮೊದಲು ಹೊರಡುತ್ತವೆ. ಮಕ್ಕಳ ಸಂಖ್ಯೆ ಇಳಿದಂತೆ ಅಧ್ಯಾಪಕರ ಹುದ್ದೆ ಬೇರೆಡೆಗೆ ವರ್ಗವಾಗುತ್ತದೆ. ಅಧ್ಯಾಪಕರು ಕಡಿಮೆಯಾದಂತೆ ತರಗತಿಗಳನ್ನು ಕೂಡಿಸುತ್ತಾರೆ. ಅದನ್ನು ನೋಡಿ ಇನ್ನಷ್ಟು ಮಂದಿ ಹೊರಡುತ್ತಾರೆ. ಅನುದಾನಿತ ಶಾಲೆಗಳ ಪಾಡೂ ಇದೇ. ನಿವೃತ್ತರಾದವರ ಸ್ಥಾನ ವರ್ಷಗಟ್ಟಲೆ ತುಂಬದೆ ಉಳಿಯುತ್ತದೆ. ಆಡಳಿತ ಮಂಡಳಿ ಗೌರವಧನದ ಮೇಲೆ ಅಧ್ಯಾಪಕಿಯರನ್ನಿಟ್ಟು ದಿನ ದೂಡುತ್ತದೆ.

ಕೊನೆಗೆ ಆ ಬೆಂಚಿನಲ್ಲಿ ಉಳಿಯುವವರು ಯಾರು? ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕೂಲಿಯವರ ಮಗು, ತೋಟದ ಲೈನಿನಲ್ಲಿ ವಾಸಿಸುವ ಮಗು, ವಿಧವೆಯ ಮಗು, ನಿಧಾನವಾಗಿ ಕಲಿಯುವುದರಿಂದ ಬೇರೆ ಶಾಲೆ ಬೇಡವೆಂದ ಮಗು. ಇವರಲ್ಲಿ ನಮ್ಮದೇ ಧರ್ಮಕೇಂದ್ರದ ಬಡ ಮನೆಗಳ ಮಕ್ಕಳೂ ಇರುತ್ತಾರೆ. 1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗ, ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಶಿಫಾರಸು ಮಾಡಿದ್ದು ಈ ಒಡಕನ್ನು ಮುಂಗಂಡೇ. ಆ ಶಿಫಾರಸು ಕಾಗದದಲ್ಲೇ ಉಳಿಯಿತು.

ಹಾಗೆಂದು ನಿರಾಶರಾಗಬೇಕಿಲ್ಲ. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರ ಹೆಸರನ್ನು ತಾವೆಲ್ಲರೂ ಕೇಳಿದ್ದೀರಿ. ಸ್ವತಃ ಶಾಲೆಯ ಮುಖ ಕಾಣದ ಅವರು ತಮ್ಮ ಊರಾದ ನ್ಯೂಪಡ್ಪಿನಲ್ಲಿ ಶಾಲೆಯಾಗಬೇಕೆಂದು ಕಚೇರಿಯಿಂದ ಕಚೇರಿಗೆ ಅಲೆದು, ಕಿತ್ತಳೆಯ ಲಾಭದಲ್ಲಿ ಉಳಿಸಿದ ಹಣವನ್ನು ಸೇರಿಸಿ ಅದನ್ನು ಕಟ್ಟಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರು ಕಟ್ಟಿದ್ದು ಸರಕಾರಿ ಶಾಲೆ. ಸರಕಾರದ್ದೆಂದರೆ ಯಾರದೂ ಅಲ್ಲವೆಂದು ಬಗೆಯುವವರ ನಡುವೆ, ಸರಕಾರದ್ದೆಂದರೆ ನಮ್ಮದೆಂದು ಬಗೆದ ಒಬ್ಬ ಮನುಷ್ಯನ ಸಾಧನೆ ಅದು.

ಧರ್ಮಸಭೆಯ ನುಡಿ, ಕಾನೂನಿನ ನಡೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಎರಡು ವಿಚಾರಗಳು ಜೊತೆಜೊತೆಯಾಗಿವೆ. ಮಕ್ಕಳ ಮೊದಲ ಹಾಗೂ ಪ್ರಮುಖ ಶಿಕ್ಷಕರು ತಂದೆ ತಾಯಂದಿರೇ. ಶಾಲೆಯನ್ನು ಆರಿಸುವ ಅವರ ಸ್ವಾತಂತ್ರ್ಯವನ್ನು ರಾಜ್ಯವು ಕಾಪಾಡಬೇಕು. ಮತ್ತೆ, ಕಥೋಲಿಕ ಶಾಲೆಗಳು ಬಡವರ, ಕುಟುಂಬದ ಆಸರೆಯಿಲ್ಲದವರ, ಅನ್ಯಧರ್ಮೀಯರ ಮಕ್ಕಳನ್ನು ವಿಶೇಷವಾಗಿ ಲಕ್ಷಿಸಬೇಕು. ಮೊದಲನೆಯ ವಿಚಾರವನ್ನು ನಾವು ಆಗಾಗ ಉದ್ಧರಿಸುತ್ತೇವೆ. ಎರಡನೆಯದಕ್ಕೂ ಅಷ್ಟೇ ಅಧಿಕಾರವಿದೆ.

ಭಾರತದ ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಅನುದಾನರಹಿತ ಖಾಸಗಿ ಶಾಲೆಗಳು ನೂರಕ್ಕೆ 25 ಸ್ಥಾನಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕೆಂದಿತು. ಸುಪ್ರೀಂ ಕೋರ್ಟು 2012ರಲ್ಲಿ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನೂ, 2014ರಲ್ಲಿ ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನೂ ಆ ಕಾಯಿದೆಯಿಂದ ಹೊರಗಿಟ್ಟಿತು. 2014ರ ಆ ತೀರ್ಪು ಸರಿಯೇ ಎಂಬ ಪ್ರಶ್ನೆಯನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ದೊಡ್ಡ ಪೀಠದ ಪರಿಶೀಲನೆಗೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ಕಾನೂನು ಯಾವ ದಾರಿ ಹಿಡಿದರೂ ನಮ್ಮ ಕರ್ತವ್ಯ ಸ್ಪಷ್ಟವಾಗಿದೆ. ಬಡ ಮಗುವನ್ನು ಸೇರಿಸಿಕೊಳ್ಳಲು ಕಾನೂನು ನಮ್ಮನ್ನು ಬಲಾತ್ಕರಿಸದಿರಬಹುದು. ಬಲಾತ್ಕಾರವಿಲ್ಲದೆ ಮಾಡಿದಾಗಲೇ ಅದು ದಾನವೆನಿಸುತ್ತದೆ. ಸ್ವಾತಂತ್ರ್ಯವನ್ನು ಪಡೆದು ಬಾಗಿಲನ್ನು ಕಿರಿದಾಗಿಸಿದರೆ, ಆ ಸ್ವಾತಂತ್ರ್ಯವನ್ನು ನಾವು ಯಾವ ಮುಖದಿಂದ ಸಮರ್ಥಿಸಿಕೊಳ್ಳೋಣ?

ಮಾಡತಕ್ಕ ಕೆಲಸಗಳು

ಗೋಷ್ಠಿಗಳು ಠರಾವಿನಲ್ಲಿ ಮುಗಿಯದೆ ಕೆಲಸದಲ್ಲಿ ಮುಂದುವರಿಯಬೇಕು. ನಮಗೆ ತೋಚಿದ ನಾಲ್ಕು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇವೆ.

ಮೊದಲನೆಯದಾಗಿ, ಮಗುವನ್ನು ಸೇರಿಸುವ ಮೊದಲು ಕಟ್ಟಡವನ್ನಲ್ಲ, ತರಗತಿಯನ್ನು ನೋಡಿ. ಮೂರನೆಯ ತರಗತಿಯ ಮಕ್ಕಳು ಓದುವುದನ್ನು ಕಿವಿಗೊಟ್ಟು ಕೇಳಿ. ಅಧ್ಯಾಪಕರು ಎಷ್ಟು ವರ್ಷದಿಂದ ಅಲ್ಲಿದ್ದಾರೆಂದು ವಿಚಾರಿಸಿ. ಸರಕಾರಿ ಶಾಲೆಗೂ ಖಾಸಗಿ ಶಾಲೆಗೂ ಇದೇ ಪರೀಕ್ಷೆ ಇರಲಿ.

ಎರಡನೆಯದಾಗಿ, ಮಗನಿಗೂ ಮಗಳಿಗೂ ಒಂದೇ ಅಳತೆಗೋಲು ಹಿಡಿಯಿರಿ. ಯಾವ ಶಾಲೆಗೆ ಕಳುಹಿಸಿದರೂ ದಿನಕ್ಕೆ ಕಾಲು ಗಂಟೆ ಮಗುವಿನಿಂದ ಓದಿಸಿ ಕೇಳಿ. ಓದು ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಮಗು ತಡವರಿಸುವುದನ್ನು ತಿಳಿಯಲು ಅಕ್ಷರಜ್ಞಾನ ಬೇಕಿಲ್ಲ.

ಮೂರನೆಯದಾಗಿ, ಊರಿನ ಶಾಲೆಯ ಸಮಿತಿಯಲ್ಲಿ ಪಾಲ್ಗೊಳ್ಳಿ. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕು ಕಾಯಿದೆಯಂತೆ ಇಂತಹ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅಧಿಕಾರವನ್ನು ಕಾನೂನು ಕೈಗೆ ಕೊಟ್ಟಿದೆ. ಸಭೆಗೆ ಹೋಗಿ ಕುಳಿತುಕೊಳ್ಳುವವರು ಬೇಕಾಗಿದ್ದಾರೆ. ತಮ್ಮ ಮಕ್ಕಳು ಅಲ್ಲಿ ಕಲಿಯದಿದ್ದರೂ ಹಳೆವಿದ್ಯಾರ್ಥಿಗಳಾಗಿ, ಊರವರಾಗಿ ನೆರವಾಗುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ನಾಲ್ಕನೆಯದಾಗಿ, ಧರ್ಮಕೇಂದ್ರದಿಂದ ಆಗಬೇಕಾದದ್ದು. ನಿವೃತ್ತ ಅಧ್ಯಾಪಕ ಅಧ್ಯಾಪಕಿಯರು ನಮ್ಮ ಪ್ರತಿಯೊಂದು ವಾಳೆಯಲ್ಲೂ ಇದ್ದಾರೆ. ವಾರಕ್ಕೆ ಮೂರು ಸಂಜೆ ಸಭಾಭವನದ ಒಂದು ಕೊಠಡಿಯಲ್ಲಿ ದೀಪ ಉರಿದರೆ, ಜಾತಿಮತಭೇದವಿಲ್ಲದೆ ಊರಿನ ಮಕ್ಕಳಿಗೆ ಓದು ಕಲಿಸಬಹುದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಶುಲ್ಕಕ್ಕಾಗಿ ಅಡವಿಡುವ ಕುಟುಂಬಗಳನ್ನು ಬಲ್ಲರು. ಅವರ ಮೂಲಕ ಶತಮಾನೋತ್ಸವ ನಿಧಿಯ ಒಂದು ಭಾಗ ಅಂತಹ ಮಕ್ಕಳಿಗೆ ಸಲ್ಲಲಿ. ಕನ್ನಡ ಶಾಲೆಯ ಖಾಲಿ ಹುದ್ದೆಗಳಿಗಾಗಿ ನಮ್ಮ ಪ್ರತಿನಿಧಿಗಳ ಬಾಗಿಲು ತಟ್ಟುವ ಕೆಲಸ ಧರ್ಮಗುರುಗಳೊಬ್ಬರದೇ ಆಗಬಾರದು.

ಇಷ್ಟನ್ನು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ. ಸರಕಾರಿ ಶಾಲೆಗೆ ಕಳುಹಿಸಿದವರು ಕೀಳರಿಮೆ ಪಡಬೇಕಾಗಿಲ್ಲ, ಖಾಸಗಿ ಶಾಲೆಗೆ ಕಳುಹಿಸಿದವರು ತಪ್ಪಿತಸ್ಥರಂತೆ ತಲೆತಗ್ಗಿಸಬೇಕಾಗಿಯೂ ಇಲ್ಲ. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವಾಗ, ತಮ್ಮ ಮಗುವಿನ ಚೀಲ ಸಿದ್ಧಪಡಿಸುವ ಪ್ರತಿಯೊಂದು ಕುಟುಂಬವೂ ತಮ್ಮ ವಾಳೆಯ ಇನ್ನೊಂದು ಮಗು ಯಾವ ಶಾಲೆಗೆ ಹೋಗುತ್ತಿದೆ, ಅಲ್ಲಿ ಅಧ್ಯಾಪಕರಿದ್ದಾರೆಯೇ, ಆ ಮಗುವಿಗೆ ಓದಲು ಬರುತ್ತದೆಯೇ ಎಂದು ಒಮ್ಮೆ ವಿಚಾರಿಸಲೆಂದು ಕೇಳಿಕೊಳ್ಳುತ್ತೇವೆ. ಮಕ್ಕಳನ್ನು ತಮ್ಮ ಬಳಿಗೆ ಬರಗೊಡಿಸಿದ ಪ್ರಭು ಕ್ರಿಸ್ತರು ನಮ್ಮ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳನ್ನು ಹರಸಲಿ.